ಯಾವ ಬೈಟು ಯಾರದ್ದು?

ಆರ್ಡುಯಿನೊ ಉನೊ ಬೋರ್ಡಿಗೆ ಪ್ರೋಗ್ರಾಂ ಬರೆದವರೆಲ್ಲ ಕಂಪೈಲ್ ಮುಗಿದ ಮೇಲೆ ಪರದೆಯ ಕೆಳಗೆ ಎರಡು ಸಾಲು ನೋಡಿರುತ್ತಾರೆ, ಓದಿರುವುದು ಅನುಮಾನ. ಪ್ರೋಗ್ರಾಂ ಇಡುವ ಜಾಗ ಇರುವುದು 32,256 ಬೈಟು, ಅದರಲ್ಲಿ ಇಷ್ಟು ಖರ್ಚಾಯಿತು ಎನ್ನುತ್ತದೆ ಮೊದಲ ಸಾಲು. ವೇರಿಯಬಲ್‌ಗಳಿಗಿರುವ 2,048 ಬೈಟಿನಲ್ಲಿ ಇಷ್ಟು ಉಳಿಯಿತು ಎನ್ನುತ್ತದೆ ಎರಡನೆಯದು. ಸೆಕೆಂಡಿಗೊಮ್ಮೆ ಎಲ್‌ಇಡಿ ಮಿನುಗಿಸುವ ಹತ್ತು ಸಾಲಿನ ಪ್ರೋಗ್ರಾಂ ಕೂಡ ಅಲ್ಲಿ ಸುಮಾರು 900 ಬೈಟು ನುಂಗುತ್ತದೆ. ಒಂದು ದೀಪ ಹಚ್ಚಿ ಆರಿಸಲು ಅಷ್ಟೇಕೆ? ಆ ಸಾಲುಗಳು ಮೊತ್ತವನ್ನಷ್ಟೇ ಹೇಳಿ ಸುಮ್ಮನಾಗುತ್ತವೆ. ವಿವರ ಬೇಕೆಂದರೆ ಕಂಪೈಲರ್‌ಗೆ ಇನ್ನೊಂದು ಆಜ್ಞೆ ಕಲಿಸಬೇಕು: ನೀನೇ ಕಟ್ಟಿದ ಬೈನರಿಯನ್ನು ನೀನೇ ಬಿಚ್ಚಿ ಲೆಕ್ಕ ಒಪ್ಪಿಸು ಎಂಬ ಆಜ್ಞೆ. ಕೇಳಲು ಸುಲಭ ಕೆಲಸ. ಅರ್ಧದಷ್ಟು ನಿಜಕ್ಕೂ ಸುಲಭವೇ.

ಮೊದಲು ಆ ಸುಲಭದ ಅರ್ಧ. ಕಂಪೈಲರ್ ನಾವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಮಾಡುತ್ತದೆ. ಲಿಂಕರ್ ಅವನ್ನೂ ಲೈಬ್ರರಿಗಳ ತುಂಡುಗಳನ್ನೂ ಒಂದೇ ಫೈಲಿನಲ್ಲಿ ಜೋಡಿಸುತ್ತದೆ. ಲಿನಕ್ಸ್‌ನಲ್ಲೂ ಬಹುಪಾಲು ಸಣ್ಣ ಚಿಪ್‌ಗಳ ಲೋಕದಲ್ಲೂ ಆ ಫೈಲಿನ ರೂಪಕ್ಕೆ ಎಲ್ಫ್ ಎಂದು ಹೆಸರು. ಒಳಗೆ ವಿಭಾಗಗಳಿರುತ್ತವೆ, ಪ್ರತಿಯೊಂದಕ್ಕೂ ಹೆಸರು, ವಿಳಾಸ, ಅಳತೆ, ಜೊತೆಗೆ ಕೆಲವು ಗುರುತುಗಳು. ಇದನ್ನು ಯಂತ್ರ ನಡೆಸಬಹುದೇ? ಇದರ ಮೇಲೆ ಬರೆಯಬಹುದೇ? ಇದಕ್ಕೆ ಫೈಲಿನಲ್ಲಿ ಜಾಗ ಇದೆಯೇ, ಮೆಮೊರಿಯಲ್ಲಿ ಮಾತ್ರವೇ? ಇಷ್ಟು ಓದಿದರೆ ಸಾಕು. ನಡೆಸಬಹುದಾದದ್ದು ಕೋಡ್. ಓದಲಷ್ಟೇ ಬರುವುದು ಸ್ಥಿರ ಮಾಹಿತಿ. ಬರೆಯಬಹುದಾದ, ಆರಂಭದ ಬೆಲೆ ಇರುವುದು ಡೇಟಾ. ಬರೆಯಬಹುದಾದ, ಆದರೆ ಸೊನ್ನೆಯಿಂದ ಶುರುವಾಗುವುದು ಬಿಎಸ್‌ಎಸ್. ಈ ಕೊನೆಯ ಹೆಸರು 1950ರ ದಶಕದಲ್ಲಿ ಐಬಿಎಂ 704 ಯಂತ್ರಕ್ಕಾಗಿ ಯುನೈಟೆಡ್ ಏರ್‌ಕ್ರಾಫ್ಟ್ ಕಂಪನಿಯಲ್ಲಿ ಬರೆದ ಅಸೆಂಬ್ಲರ್‌ನಿಂದ ಬಂದದ್ದು. ಯಂತ್ರ ಗುಜರಿಗೆ ಹೋಗಿ ದಶಕಗಳಾದರೂ ಹೆಸರು ಉಳಿದಿದೆ. ಯುನಿಕ್ಸ್‌ನ ಹಳೆಯ 'ಸೈಜ್' ಆಜ್ಞೆ ಮುದ್ರಿಸುವುದು ಈ ಮೊತ್ತಗಳನ್ನೇ.

ಬಿಎಸ್‌ಎಸ್‌ನ ಸ್ವಭಾವವನ್ನು ಸ್ವಲ್ಪ ನಿಂತು ನೋಡಬೇಕು. ಉನೊ ಬೋರ್ಡಿನಲ್ಲಿ ಒಂದು ಪೂರ್ಣಾಂಕಕ್ಕೆ 2 ಬೈಟು. 500 ಪೂರ್ಣಾಂಕಗಳ ಪಟ್ಟಿ ಮಾಡಿ, ಎಲ್ಲವೂ ಸೊನ್ನೆ ಎಂದುಕೊಳ್ಳಿ. ರ‍್ಯಾಮ್‌ನಲ್ಲಿ 1,000 ಬೈಟು ಹೋಯಿತು, ಅಂದರೆ ಹತ್ತಿರ ಹತ್ತಿರ ಅರ್ಧ. ಪ್ರೋಗ್ರಾಂ ಫೈಲು ಮಾತ್ರ ಬೆಳೆಯುವುದಿಲ್ಲ, ಏಕೆಂದರೆ ಸೊನ್ನೆಗಳನ್ನು ಹೊತ್ತು ತರುವ ಅಗತ್ಯವಿಲ್ಲ. ಇಲ್ಲಿಂದ ಇಲ್ಲಿಯವರೆಗೆ ಸೊನ್ನೆ ತುಂಬು ಎಂದರೆ ಮುಗಿಯಿತು. ಈಗ ಆ 500ರಲ್ಲಿ ಒಂದೇ ಒಂದನ್ನು 1 ಎಂದು ಬದಲಿಸಿ. ಪಟ್ಟಿ ಇಡಿಯಾಗಿ ಡೇಟಾ ವಿಭಾಗಕ್ಕೆ ಜಿಗಿಯುತ್ತದೆ. ಕರೆಂಟು ಹೋದರೂ ಉಳಿಯುವ ಫ್ಲ್ಯಾಶ್‌ನಲ್ಲಿ ಅದರ ಪ್ರತಿ ಇರಲೇಬೇಕು, ಬೋರ್ಡು ಶುರುವಾದಾಗ ಅದು ರ‍್ಯಾಮ್‌ಗೆ ನಕಲಾಗಬೇಕು. ಹಾಗಾಗಿ ಅದೇ 1,000 ಬೈಟು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಬದಲಾದದ್ದು ಒಂದು ಅಂಕಿ.

ಈ ಕಾರಣಕ್ಕೇ ಫೈಲಿನ ಒಟ್ಟು ಗಾತ್ರ ನೋಡಿ ಪ್ರೋಗ್ರಾಂ ದಪ್ಪವೋ ತೆಳುವೋ ಎಂದು ತೀರ್ಮಾನಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಫೈಲಿನ ಬಹುಪಾಲು ಡೀಬಗ್ ಮಾಹಿತಿಯೇ ಆಗಿರಬಹುದು. ಅದು ಚಿಪ್ಪಿನೊಳಕ್ಕೆ ಕಾಲಿಡುವುದೇ ಇಲ್ಲ.

ಇನ್ನು ಕಷ್ಟದ ಅರ್ಧ. ಗೋ ಭಾಷೆಯಲ್ಲಿ ಒಂದು ಸಾಲು ನಮಸ್ಕಾರ ಮುದ್ರಿಸುವ ಪ್ರೋಗ್ರಾಂ ಸಾಮಾನ್ಯ ಕಂಪ್ಯೂಟರಿನಲ್ಲಿ ಸುಮಾರು ಎರಡು ಮೆಗಾಬೈಟ್ ಆಗುತ್ತದೆ. ಬಿಬಿಸಿಯ ಮೊದಲ ಮೈಕ್ರೋಬಿಟ್ ಬೋರ್ಡಿನಲ್ಲಿ ಫ್ಲ್ಯಾಶ್ ಇರುವುದೇ 256 ಕಿಲೋಬೈಟ್, ರ‍್ಯಾಮ್ 16. ಇಂಥ ಬೋರ್ಡುಗಳಲ್ಲೂ ಗೋ ಓಡಬೇಕೆಂದು 2018ರಲ್ಲಿ ಶುರುವಾದ ಇನ್ನೊಂದು ಕಂಪೈಲರ್ ಟೈನಿಗೋ. ಅಲ್ಲಿ ಗಾತ್ರವೇ ಹಣೆಬರಹ. ಹಾಗಾಗಿ ಲೆಕ್ಕದ ಆಜ್ಞೆ ಕಂಪೈಲರ್‌ನೊಳಗೇ ಕೂತಿದೆ. 'ಸೈಜ್' ಎಂಬ ಆಯ್ಕೆಗೆ 'ಶಾರ್ಟ್' ಎಂದು ಕೊಟ್ಟರೆ ಒಂದೇ ಸಾಲು: ಎಡಕ್ಕೆ ಕೋಡ್, ಡೇಟಾ, ಬಿಎಸ್‌ಎಸ್, ಗೆರೆಯ ಬಲಕ್ಕೆ ಫ್ಲ್ಯಾಶ್, ರ‍್ಯಾಮ್. ಡೇಟಾ ಬಲಗಡೆಯ ಎರಡೂ ಮೊತ್ತದಲ್ಲಿ ಸೇರಿರುತ್ತದೆ, ಯಾಕೆಂದು ಈಗಷ್ಟೇ ನೋಡಿದೆವು. 'ಫುಲ್' ಎಂದು ಕೊಟ್ಟರೆ ಪ್ಯಾಕೇಜಿಗೊಂದು ಸಾಲು ಬರುತ್ತದೆ: ರನ್‌ಟೈಮ್‌ಗೆ ಇಷ್ಟು, ಚಿಪ್ಪಿನ ಪಿನ್ನುಗಳನ್ನು ನಿಭಾಯಿಸುವ ಕೋಡಿಗೆ ಇಷ್ಟು, ನಿಮ್ಮದು ಇಷ್ಟು.

ತೊಡಕು ಇರುವುದು ಆ 'ನಿಮ್ಮದು' ಎಂಬಲ್ಲಿ. ಲಿಂಕರ್ ಕೆಲಸ ಮುಗಿಸಿದ ಬೈನರಿ ಅವಿಭಕ್ತ ಕುಟುಂಬದ ತಿಂಗಳ ದಿನಸಿ ಚೀಟಿಯಂತೆ: ಅಕ್ಕಿ ಎಷ್ಟು ಬಂತು ಎಂಬುದಿದೆ, ಯಾರು ಎಷ್ಟು ಉಂಡರು ಎಂಬುದಿಲ್ಲ. ಅದನ್ನು ಹುಡುಕಲು ದಾರಿ ಎರಡು. ಒಂದು, ಸಿಂಬಲ್ ಪಟ್ಟಿ. ಇಂಥ ಫಂಕ್ಷನ್ ಇಂಥ ವಿಳಾಸದಲ್ಲಿ ಇಷ್ಟು ಬೈಟು ಎಂದು ಅದರಲ್ಲಿ ದಾಖಲಾಗಿರುತ್ತದೆ. ಇನ್ನೊಂದು, ಡ್ವಾರ್ಫ್ ಎಂಬ ಡೀಬಗ್ ಮಾಹಿತಿ. ಈ ವಿಳಾಸದ ಆದೇಶ ಹುಟ್ಟಿದ್ದು ಇಂಥ ಫೈಲಿನ ಇಂಥ ಸಾಲಿನಿಂದ ಎಂದು ಅದು ಹೇಳುತ್ತದೆ. ಮೊದಲಿನದು ಇದ್ದರೆ ಎರಡನೆಯದು ಯಾಕೆ ಬೇಕು ಎನ್ನಿಸಬಹುದು. ಎರಡರ ಉತ್ತರ ಒಂದೇ ಆಗಿರುವುದಿಲ್ಲ, ಅದಕ್ಕೆ.

ಲೈಬ್ರರಿಯಲ್ಲಿ ನಾಲ್ಕು ಸಾಲಿನ ಒಂದು ಫಂಕ್ಷನ್ ಇದೆ, ನೀವು ಅದನ್ನು ಹತ್ತು ಕಡೆ ಕರೆದಿದ್ದೀರಿ ಎನ್ನಿ. ವೇಗ ಹೆಚ್ಚಲೆಂದು ಕಂಪೈಲರ್ ಆ ನಾಲ್ಕು ಸಾಲನ್ನು ಹತ್ತೂ ಜಾಗಕ್ಕೆ ನಕಲಿಸಿಬಿಡುತ್ತದೆ. ಸಿಂಬಲ್ ಪಟ್ಟಿ ಕೇಳಿದರೆ ಆ ಬೈಟುಗಳೆಲ್ಲ ನಿಮ್ಮ ಫಂಕ್ಷನ್‌ಗಳ ಹೊಟ್ಟೆಯಲ್ಲಿವೆ, ಆದ್ದರಿಂದ ನಿಮ್ಮವು. ಸಾಲುಗಳ ದಾಖಲೆ ಕೇಳಿದರೆ ಹುಟ್ಟೂರು ಲೈಬ್ರರಿ, ಆದ್ದರಿಂದ ಲೈಬ್ರರಿಯವು. ಎರಡೂ ನಿಜ. ಜೆನೆರಿಕ್ ಕೋಡಿನದು ಇನ್ನೂ ಬಿಗಿಯಾದ ಗಂಟು. ರಸ್ಟ್‌ನಲ್ಲಿ, ಸಿ++ನಲ್ಲಿ ಒಮ್ಮೆ ಬರೆದ ಜೆನೆರಿಕ್ ಫಂಕ್ಷನ್ ಬಳಸಿದ ಪ್ರತಿ ಟೈಪಿಗೂ ಬೇರೆ ಬೇರೆಯಾಗಿ ಅಚ್ಚಾಗುತ್ತದೆ. ಬರೆದವರು ಒಬ್ಬರು, ಐದು ಟೈಪುಗಳಿಂದ ಕರೆದು ಐದು ಪ್ರತಿ ಮಾಡಿಸಿದವರು ಇನ್ನೊಬ್ಬರು. ಅದರ ಮೇಲೆ ಕೆಲವು ಲಿಂಕರ್‌ಗಳು, ಎರಡು ಫಂಕ್ಷನ್‌ಗಳ ಆದೇಶಗಳು ಅಕ್ಷರಶಃ ಒಂದೇ ಆಗಿದ್ದರೆ ಒಂದನ್ನಿಟ್ಟು ಎರಡೂ ಹೆಸರನ್ನು ಅದಕ್ಕೇ ಕಟ್ಟುತ್ತವೆ. ಆಗ ಬೈಟು ಒಂದು, ಒಡೆಯರು ಇಬ್ಬರು. ಎರಡೂ ಸಾಲಿಗೆ ಸೇರಿಸಿದರೆ ಮೊತ್ತ ತಪ್ಪುತ್ತದೆ. ಒಂದಕ್ಕೆ ಮಾತ್ರ ಹಾಕಿದರೆ ಇನ್ನೊಂದು ಪುಕ್ಕಟೆ ಬಂದಂತೆ ಕಾಣುತ್ತದೆ.

ನನ್ನ ಪ್ರಕಾರ ಈ ಆಜ್ಞೆ ಬರೆಯುವವರ ನಿಜವಾದ ಕೆಲಸ ಎಣಿಸುವುದಲ್ಲ, ಯಾರ ಖಾತೆಗೆ ಹಾಕುವುದೆಂಬ ನಿಯಮ ಆರಿಸಿ ಅದಕ್ಕೆ ಬದ್ಧರಾಗಿರುವುದು. ಇದು ಕಂಪೈಲರ್‌ನೊಳಗೇ ಇರಬೇಕು ಎನ್ನುವುದಕ್ಕೂ ಕಾರಣ ಇದೇ. ಹೊರಗಿನ ಉಪಕರಣಗಳು ಇಲ್ಲವೆಂದಲ್ಲ. 2016ರಲ್ಲಿ ಗೂಗಲ್‌ನ ಎಂಜಿನಿಯರೊಬ್ಬರು ಹೊರತಂದ ಬ್ಲೋಟಿ ಮೆಕ್‌ಬ್ಲೋಟ್‌ಫೇಸ್ ಯಾವ ಬೈನರಿ ಕೊಟ್ಟರೂ ಬಿಚ್ಚಿ ತೋರಿಸುತ್ತದೆ. (ಬ್ರಿಟನ್ನಿನ ಹೊಸ ಸಂಶೋಧನಾ ಹಡಗಿಗೆ ಜನರು ವೋಟು ಹಾಕಿ ಬೋಟಿ ಮೆಕ್‌ಬೋಟ್‌ಫೇಸ್ ಎಂಬ ಹೆಸರು ಗೆಲ್ಲಿಸಿದ್ದೂ ಅದೇ ವರ್ಷ. ಹಡಗಿಗೆ ಕೊನೆಗೆ ಆ ಹೆಸರಿಡಲಿಲ್ಲ. ಉಪಕರಣಕ್ಕೆ ಅಡ್ಡಿ ಮಾಡುವವರಿರಲಿಲ್ಲ.) ಆದರೆ ಹೊರಗಿನವರಿಗೆ ಸಿಗುವುದು ಬೈನರಿಯಲ್ಲಿ ಉಳಿದ ಸುಳಿವಷ್ಟೇ. ಹೆಸರಿಲ್ಲದ ಒಂದು ಸ್ಟ್ರಿಂಗ್, ಕಂಪೈಲರ್ ತಾನೇ ಹುಟ್ಟಿಸಿದ ಒಂದು ಕೋಷ್ಟಕ ಯಾರದ್ದೆಂದು ಹುಟ್ಟಿಸುವಾಗ ಕಂಪೈಲರ್‌ಗೆ ಗೊತ್ತಿರುತ್ತದೆ. ಆಗಲೇ ಅದಕ್ಕೊಂದು ಡೀಬಗ್ ಗುರುತು ಹಚ್ಚಿದರೆ ಮುಂದೆ ಪತ್ತೆದಾರಿಕೆ ಬೇಕಾಗುವುದಿಲ್ಲ.

ಅಷ್ಟಾದರೂ ಕೆಲವು ಬೈಟುಗಳಿಗೆ ವಾರಸುದಾರರು ಸಿಗುವುದಿಲ್ಲ. ಟೈನಿಗೋದ ವರದಿಯಲ್ಲಿ ಅವಕ್ಕೆಂದೇ 'ಅನ್‌ನೋನ್' ಎಂಬ ಸಾಲಿದೆ. ವಿಳಾಸಗಳನ್ನು ನಾಲ್ಕರ, ಎಂಟರ ಗುಣಕಕ್ಕೆ ಕೂರಿಸುವಾಗ ನಡುವೆ ಉಳಿಯುವ ಖಾಲಿ ಜಾಗಕ್ಕೆ 'ಪ್ಯಾಡಿಂಗ್' ಎಂಬ ಇನ್ನೊಂದು ಸಾಲು. ಆ ಬೈಟುಗಳನ್ನು ಎಲ್ಲರಿಗೂ ಸಮನಾಗಿ ಹಂಚಿಬಿಟ್ಟರೆ ವರದಿ ನೋಡಲು ಚೆನ್ನಾಗಿರುತ್ತಿತ್ತು. ಹಂಚದೆ ಬಿಟ್ಟದ್ದರಿಂದಲೇ ಅದನ್ನು ನಾನು ನಂಬುತ್ತೇನೆ.

ಉನೊದ ಆ 900 ಬೈಟಿಗೆ ಮರಳೋಣ. ಅದರ ಚಿಪ್ಪಿನಲ್ಲಿ ಇಂಟರಪ್ಟ್ ಬಾಗಿಲು 26, ಒಂದೊಂದಕ್ಕೂ 4 ಬೈಟಿನ ಜಿಗಿತದ ಆದೇಶ. ನಿಮ್ಮ ಪ್ರೋಗ್ರಾಂ ಏನೇ ಇರಲಿ, ಮೊದಲ 104 ಬೈಟು ಅದಕ್ಕೆ ಮೀಸಲು. ಹೊತ್ತು ಎಣಿಸುವ ಟೈಮರ್ ಕೋಡು, ಪಿನ್ ಸಂಖ್ಯೆಯಿಂದ ಚಿಪ್ಪಿನ ಪೋರ್ಟ್ ಹುಡುಕುವ ಕೋಷ್ಟಕಗಳು, ಆರಂಭದ ಸಿದ್ಧತೆ ಉಳಿದದ್ದರಲ್ಲಿ ದೊಡ್ಡ ಪಾಲು ತೆಗೆದುಕೊಳ್ಳುತ್ತವೆ. ನೀವು ಬರೆದ ಸಾಲುಗಳದ್ದು ಸಣ್ಣ ಪಾಲು. ಈ ವಿಂಗಡಣೆ ಕಣ್ಣೆದುರು ಬಂದರೆ ಯಾವುದನ್ನು ಕತ್ತರಿಸಬೇಕು, ಯಾವುದರ ತಂಟೆಗೆ ಹೋಗಬಾರದು ಎಂದು ಗೊತ್ತಾಗುತ್ತದೆ.

ಪ್ರತಿ ಬದಲಾವಣೆಯ ನಂತರವೂ ಈ ವರದಿ ತೆಗೆದು ಹಿಂದಿನದರ ಪಕ್ಕದಲ್ಲಿಟ್ಟರೆ ಉಪಯೋಗ ಇನ್ನೂ ಹೆಚ್ಚು. ಟೈನಿಗೋದಲ್ಲಿ ಭಾಷೆಯ ಸಾದಾ 'ಪ್ರಿಂಟ್‌ಎಲ್‌ಎನ್' ಬಿಟ್ಟು ಎಫ್‌ಎಮ್‌ಟಿ ಪ್ಯಾಕೇಜಿನದನ್ನು ಕರೆದರೆ ಬದಲಾಗುವುದು ಒಂದು ಸಾಲು, ಬರುವುದು ಪರಿವಾರ ಸಮೇತ. ಯಾವ ಟೈಪ್ ಕೊಟ್ಟರೂ ಮುದ್ರಿಸಬಲ್ಲ ಫಂಕ್ಷನ್ ಎಲ್ಲ ಟೈಪುಗಳ ಸಿದ್ಧತೆಯನ್ನೂ ಹೊತ್ತಿರಬೇಕು. ಯಾವುದು ಬೇಡವೆಂದು ಲಿಂಕರ್‌ಗೆ ತಿಳಿಯುವುದಿಲ್ಲ. ಉನೊದಂಥ ಚಿಪ್‌ಗಳ ಸಿ ಲೈಬ್ರರಿ ಕಟ್ಟಿದವರು ಇದೇ ಭಯಕ್ಕೆ ದಶಮಾಂಶ ಸಂಖ್ಯೆ ಮುದ್ರಿಸುವ ಭಾಗವನ್ನು 'ಪ್ರಿಂಟ್‌ಎಫ್‌'ನಿಂದ ಹೊರಗಿಟ್ಟರು. ಲಿಂಕರ್‌ಗೆ ಬೇರೆ ಸೂಚನೆ ಕೊಟ್ಟು ಕೇಳದ ಹೊರತು, ಉಷ್ಣಾಂಶ 27.5 ಎಂದು ಬರಬೇಕಾದ ಕಡೆ ಅದು ಒಂದು ಪ್ರಶ್ನೆ ಚಿಹ್ನೆ ಮುದ್ರಿಸುತ್ತದೆ.