ಗುಂಡಿನ ಲೋಹ ಬದಲಾದರೆ ಮದ್ದಿನ ಲೆಕ್ಕವೂ ಬದಲು

1930ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ತನ್ನ .38 ರಿವಾಲ್ವರಿನ ಗುಂಡನ್ನು ಬದಲಿಸಿತು. ಬರಿ ಸೀಸದ ಗುಂಡು ದೇಹದೊಳಗೆ ಚಪ್ಪಟೆಯಾಗಿ ಹರಡಿ ಗಾಯವನ್ನು ಹಿರಿದು ಮಾಡಬಲ್ಲದು. ಹಾಗೆ ಹರಡುವ ಗುಂಡುಗಳನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತ್ತು. ಆ ಆಕ್ಷೇಪಕ್ಕೆ ಅಂಜಿ, ಸುಮಾರು 13 ಗ್ರಾಂ ತೂಕದ ಸೀಸದ ಗುಂಡಿನ ಬದಲು ಲೋಹದ ಹೊದಿಕೆಯ 11.5 ಗ್ರಾಂ ಗುಂಡನ್ನು ತಂದರು. ಇಂಥ ಬದಲಾವಣೆ ತೋಟಾದ ಒಳಗೆ ಏನೇನು ಮಾಡುತ್ತದೆ?

ಸೀಸ: ಮೆತ್ತಗಿನ ಲೋಹ, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಳಿಗೆಯ ಸುರುಳಿ ಗೀರುಗಳಿಗೆ ಸುಲಭವಾಗಿ ಕಚ್ಚಿಕೊಳ್ಳುವುದರಿಂದ ಕಡಿಮೆ ಒತ್ತಡ ಸಾಕು. ವೇಗ ಹೆಚ್ಚಾದರೆ, ಇಲ್ಲವೇ ಗುಂಡು ನಳಿಗೆಗಿಂತ ಸಣ್ಣದಾಗಿ ಬಿಸಿ ಅನಿಲ ಪಕ್ಕದಿಂದ ನುಗ್ಗಿದರೆ, ಸೀಸ ಒಳಗೆ ಮೆತ್ತಿಕೊಂಡು ಗುರಿ ಕೆಡುತ್ತದೆ. ತವರ, ಆ್ಯಂಟಿಮನಿ ಬೆರೆಸಿ ಅದನ್ನು ಗಟ್ಟಿ ಮಾಡುತ್ತಾರೆ.

ಹೊದಿಕೆಯ ಗುಂಡು: ಒಳಗೆ ಸೀಸ, ಮೇಲೆ ತಾಮ್ರದ ಮಿಶ್ರಲೋಹ. ಹೆಚ್ಚು ವೇಗ ತಾಳುತ್ತದೆ; ಆದರೆ ತಿಕ್ಕಾಟವೂ ಹೆಚ್ಚು. ಮದ್ದು ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಮತ್ತೊಮ್ಮೆ ಕುದುರೆ ಎಳೆದರೆ ನಳಿಗೆ ಸೀಳಬಹುದು.

ಪೂರ್ತಿ ತಾಮ್ರ: ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು ಸುಮಾರು 8.9. ಅಷ್ಟೇ ತೂಕಕ್ಕೆ, ಅಷ್ಟೇ ದಪ್ಪದ ತಾಮ್ರದ ಗುಂಡು ಉದ್ದವಾಗಿರಲೇಬೇಕು. ತೋಟಾದ ಒಟ್ಟು ಉದ್ದ ಸಿಲಿಂಡರಿನ ಉದ್ದವನ್ನು ಮೀರುವಂತಿಲ್ಲ. ಆದ್ದರಿಂದ ಗುಂಡು ಹಿತ್ತಾಳೆಯ ಕೋಶದೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಮದ್ದಿಗೆ ಜಾಗ ಕಿರಿದಾಗಿ, ಅದೇ ಪ್ರಮಾಣದ ಮದ್ದಿಗೂ ಒತ್ತಡ ಏರುತ್ತದೆ.

ರಿವಾಲ್ವರಿನದೇ ಎರಡು ತೊಡಕು: ಗುಂಡು ಸಿಲಿಂಡರಿನಿಂದ ನಳಿಗೆಗೆ ಒಂದು ಸಣ್ಣ ಸಂದು ದಾಟಬೇಕು, ಎರಡೂ ನೇರವಾಗಿರದಿದ್ದರೆ ಮೆತ್ತನೆಯ ಸೀಸ ಕೆತ್ತಿಹೋಗಿ ಚೂರು ಸಿಡಿಯುತ್ತದೆ. ಹಾರಿಸಿದಾಗಿನ ಒದೆತಕ್ಕೆ ಉಳಿದ ತೋಟಾಗಳ ಗುಂಡುಗಳು ಮುಂದಕ್ಕೆ ಸರಿದು ಸಿಲಿಂಡರ್ ತಿರುಗದಂತೆ ತಡೆಯಬಹುದು. ಅದಕ್ಕೇ ಕೋಶದ ಬಾಯನ್ನು ಗುಂಡಿನ ಕಚ್ಚಿಗೆ ಬಿಗಿಯಾಗಿ ಮಡಚುತ್ತಾರೆ.

ಹೀಗಾಗಿ ಒಂದು ಲೋಹದ ಗುಂಡಿಗೆ ಪರೀಕ್ಷಿಸಿ ಗೊತ್ತುಮಾಡಿದ ಮದ್ದಿನ ಅಳತೆ ಇನ್ನೊಂದು ಲೋಹಕ್ಕೆ ಸಲ್ಲದು, ಎರಡರ ತೂಕ ಒಂದೇ ಇದ್ದರೂ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಲೈಸೆನ್ಸುದಾರರಿಗೆ ಇನ್ನೊಂದು ಮಾತು. ಆಯುಧ ಇಟ್ಟುಕೊಳ್ಳುವ ಲೈಸೆನ್ಸು ಮದ್ದುಗುಂಡು ತಯಾರಿಸುವ ಅನುಮತಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಕೇಳುತ್ತದೆ. ಪರವಾನಗಿ ಇರುವ ಅಂಗಡಿಯಲ್ಲಿ, ನಿಮ್ಮ ರಿವಾಲ್ವರಿಗೆ ಹೇಳಿದ ಕಾರ್ಖಾನೆ ತೋಟಾವನ್ನೇ ಕೊಳ್ಳಿ. ಕೈಯೂ ಕಣ್ಣೂ ಉಳಿಯುವ ದಾರಿ ಅದು.