ಬೆಡ್‌ಶೀಟ್ ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ

ಕಳೆದ ಬೇಸಿಗೆಯಲ್ಲಿ ನಾನೊಂದು ಬೆಡ್‌ಶೀಟ್ ತಂದೆ. ಪೊಟ್ಟಣದ ಮೇಲೆ ‘600 ಟಿಸಿ’ ಎಂದು ದಪ್ಪಕ್ಷರದಲ್ಲಿತ್ತು. ಅಂಗಡಿಯಲ್ಲಿ ಮುಟ್ಟಿದಾಗ ರೇಷ್ಮೆಯಂತೆ ನುಣುಪು. ಮೂರು ಸಲ ಒಗೆಯುವಷ್ಟರಲ್ಲಿ ಮೈತುಂಬ ಸಣ್ಣ ಸಣ್ಣ ನೂಲಿನ ಉಂಡೆಗಳೆದ್ದವು. ಮಲಗಿದರೆ ಬೆನ್ನು ಬೆವರುತ್ತಿತ್ತು. ಆ ಸಂಖ್ಯೆ ನಿಜವಾಗಿ ಏನು ಹೇಳುತ್ತದೆ ಎಂದು ವಿಚಾರಿಸಿದ್ದು ಆಮೇಲೆಯೇ.

ಟಿಸಿ ಎಂದರೆ ಥ್ರೆಡ್ ಕೌಂಟ್, ಎಳೆಗಳ ಲೆಕ್ಕ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಲಾಳಿಯ ಜೊತೆ ಅಡ್ಡ ಓಡುವುದು ಹೊಕ್ಕು. ಒಂದು ಚದರ ಇಂಚಿನಲ್ಲಿ 100 ಹಾಸು, 100 ಹೊಕ್ಕು ಇದ್ದರೆ 200 ಟಿಸಿ. ಹಾಗಾದರೆ ಸಂಖ್ಯೆ ಹೆಚ್ಚಿದಷ್ಟೂ ಬಟ್ಟೆ ಒಳ್ಳೆಯದೇ? ಒಂದು ಮಟ್ಟದವರೆಗೆ ಮಾತ್ರ. ಒಂದು ಇಂಚಿನಲ್ಲಿ ಹಿಡಿಸುವ ಎಳೆಗಳಿಗೂ ಮಿತಿಯಿದೆ. ಎರಡು ಎಳೆ ಸೇರಿಸಿ ಹುರಿ ಮಾಡಿದ ನೂಲನ್ನು ಕೆಲವರು ಎರಡೆಂದೇ ಎಣಿಸುತ್ತಾರೆ. ಆಗ 300ರ ಬಟ್ಟೆ 600 ಆಗುತ್ತದೆ. ಭಾರ ಹೆಚ್ಚುತ್ತದೆ, ಗಾಳಿಯಾಡುವುದಿಲ್ಲ. ನಮ್ಮ ಸೆಕೆಗೆ 180ರಿಂದ 300 ಧಾರಾಳವಾಯಿತು.

ಸಂಖ್ಯೆಗಿಂತ ಮುಖ್ಯವಾದದ್ದು ಹತ್ತಿಯ ನಾರಿನ ಉದ್ದ. ಇದಕ್ಕೆ ಸ್ಟೇಪಲ್ ಎನ್ನುತ್ತಾರೆ. ನಾರು ಗಿಡ್ಡವಾದರೆ ಅದರ ತುದಿಗಳು ನೂಲಿನಿಂದ ಹೊರಗೆ ಚಾಚುತ್ತವೆ. ಉಜ್ಜಿ ಉಜ್ಜಿ ಅವೇ ಉಂಡೆ ಕಟ್ಟುತ್ತವೆ. ಉದ್ದ ನಾರಿನ ನೂಲು ನಯ, ಬಾಳಿಕೆಯೂ ಹೆಚ್ಚು. ಈಜಿಪ್ಟಿನ ಹತ್ತಿ, ಅಮೆರಿಕದ ಪಿಮಾ ಹೆಸರು ಮಾಡಿದ್ದು ಇದರಿಂದಲೇ. ಉದ್ದ ನಾರಿನ ಹತ್ತಿ ನಮ್ಮಲ್ಲೂ ಇದೆ. ಡಿಸಿಎಚ್-32 ಅಥವಾ ಜಯಲಕ್ಷ್ಮಿ ಎಂಬ ತಳಿ ಹುಟ್ಟಿದ್ದು ಧಾರವಾಡದಲ್ಲಿ. ಎಚ್.ಡಿ. ಕೋಟೆ ಕಡೆಯ ರೈತರು ಅದನ್ನು ಬೆಳೆದವರು. ಚೀಟಿಯ ಮೇಲೆ ‘ಕೋಂಬ್ಡ್’ ಎಂದಿದ್ದರೆ ಗಿಡ್ಡ ನಾರನ್ನು ಬಾಚಿ ತೆಗೆದಿದ್ದಾರೆ ಎಂದರ್ಥ, ಅಂಥದ್ದನ್ನು ಆರಿಸಿ. ‘ಗ್ಲೇಸ್ ಕಾಟನ್’ ಎಂಬ ಹೆಸರನ್ನು ಮಾತ್ರ ನಂಬಬೇಡಿ. ಅದು ಬಹುಪಾಲು ಪಾಲಿಯೆಸ್ಟರ್.

ಇನ್ನು ನೇಯ್ಗೆ. ಒಂದು ಎಳೆಯ ಮೇಲೆ, ಒಂದರ ಕೆಳಗೆ ಹಾಯುವುದು ಸಾದಾ ನೇಯ್ಗೆ. ಅದನ್ನೇ ಸಣ್ಣ ನೂಲಿನಲ್ಲಿ ಒತ್ತಾಗಿ ನೇಯ್ದರೆ ಪರ್ಕೇಲ್. ಮೈಗೆ ತಂಪು, ಒಗೆದಷ್ಟೂ ಮೆತ್ತಗಾಗುತ್ತದೆ. ಸಟೀನ್‌ನಲ್ಲಿ ನೂಲು ಸಾಮಾನ್ಯವಾಗಿ ನಾಲ್ಕು ಎಳೆಗಳ ಮೇಲೆ ತೇಲಿ ಒಂದರ ಕೆಳಗೆ ಇಳಿಯುತ್ತದೆ. ಹೊಳಪು ಬರುವುದು ಆ ತೇಲುವ ನೂಲಿನಿಂದ. ಬಳೆ, ಕಾಲ್ಗೆಜ್ಜೆಗೆ ಸಿಕ್ಕಿ ಎಳೆ ಕಿತ್ತುಬರುವುದೂ ಅದರಿಂದಲೇ. ಟ್ವಿಲ್‌ನಲ್ಲಿ ಜೀನ್ಸ್ ಪ್ಯಾಂಟಿನ ಹಾಗೆ ಓರೆ ಗೆರೆ ಕಾಣುತ್ತದೆ, ದಪ್ಪ, ಗಟ್ಟಿ. ದಿನಬಳಕೆಗೆ ನನ್ನ ಆಯ್ಕೆ ಸಾದಾ ನೇಯ್ಗೆಯೇ.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ಒಂದು ಪದರವನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ಎಳೆಗಳು ಸಮನಾಗಿ ಕಾಣಬೇಕು. ಅಲ್ಲಲ್ಲಿ ಬೆಳಕಿನ ಕಿಂಡಿಗಳಿದ್ದರೆ ಬೇಡ. ಮೂಲೆಯನ್ನು ಎರಡು ಬೆರಳಲ್ಲಿ ಜೋರಾಗಿ ತಿಕ್ಕಿ. ಬಿಳಿ ಪುಡಿ ಉದುರಿದರೆ ಆ ಗಟ್ಟಿತನ ಗಂಜಿಯದು, ಬಟ್ಟೆಯದಲ್ಲ. ಮನೆಗೆ ಬಂದ ಮೇಲೆ ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬೆಲೆ? ಎರಡು ದಿಂಬಿನ ಕವರ್ ಸಹಿತ ಅಪ್ಪಟ ಹತ್ತಿಯ ಡಬಲ್ ಬೆಡ್‌ಶೀಟಿಗೆ ಹೆಚ್ಚುಕಡಿಮೆ 800ರಿಂದ 1,800 ರೂಪಾಯಿ. ಒಳ್ಳೆಯ ಸಟೀನ್ ಇನ್ನೂ ದುಬಾರಿ. 300 ರೂಪಾಯಿಗೆ ಡಬಲ್ ಸೆಟ್ ಸಿಕ್ಕರೆ ಅದರಲ್ಲಿ ಹತ್ತಿ ಇರುವುದು ಅನುಮಾನ. ಕೈಮಗ್ಗದ್ದು ಬೇಕಿದ್ದರೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ, ಖಾದಿ ಭಂಡಾರಗಳಿವೆ. ಅಲ್ಲಿ ಬಟ್ಟೆ ಬಿಡಿಸಿ, ಮುಟ್ಟಿ ನೋಡಿ ಕೊಳ್ಳಬಹುದು. ಅಲ್ಲಿ ಕೊಟ್ಟ ಹಣದಲ್ಲಿ ನೇಕಾರರ ಪಾಲೂ ಇರುತ್ತದೆ. ಆದ್ದರಿಂದ ಮೊದಲು ಅಲ್ಲಿಗೆ ಹೋಗಿ ಎಂದೇ ನಾನು ಹೇಳುತ್ತೇನೆ.

ಹೊರಡುವ ಮುಂಚೆ ಹಾಸಿಗೆಯ ದಪ್ಪ ಅಳೆದುಕೊಳ್ಳಿ. 72 ಇಂಚು ಅಗಲ, 8 ಇಂಚು ದಪ್ಪದ ಹಾಸಿಗೆಗೆ ಎರಡು ಬದಿ ಸೇರಿ 88 ಇಂಚು ಬೇಕು. ಅಡಿಗೆ ಸಿಕ್ಕಿಸಲು ಇನ್ನೊಂದು 12. ಹತ್ತಿ ಮೊದಲ ಒಗೆತಕ್ಕೆ ತುಸು ಕುಗ್ಗುತ್ತದೆ ಕೂಡ. 90 ಇಂಚಿನದು ಸಾಲದು, 108 ಇಂಚಿನದನ್ನೇ ಕೇಳಿ.