ಬಿದಿರಿನ ಖಡ್ಗ

ಆಯುಧವಿದ್ಯೆಯನ್ನು ಕಲಿಸುವ ಗುರುವಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ತೊಡಕು. ಪೂರ್ಣಬಲದಿಂದ ಹೊಡೆಯದೆ ಶಿಷ್ಯನಿಗೆ ವಿದ್ಯೆ ಹತ್ತುವುದಿಲ್ಲ. ಪೂರ್ಣಬಲದಿಂದ ಹೊಡೆದರೆ ಎದುರಾಳಿ ಉಳಿಯುವುದಿಲ್ಲ. ಜಪಾನಿನ ಖಡ್ಗವಿದ್ಯೆಯಾದ ಕೆಂಡೊ ಈ ತೊಡಕನ್ನು ಬಿಡಿಸಿಕೊಂಡ ಬಗೆಯನ್ನು ವಿಚಾರಿಸೋಣ.

ಹಿಂದೆ ಅಲ್ಲಿ ಅಭ್ಯಾಸಕ್ಕೆ ಗಟ್ಟಿಮರದ ಖಡ್ಗವನ್ನು ಬಳಸುತ್ತಿದ್ದರು. ಅಲಗಿಲ್ಲದಿದ್ದರೂ ಅದು ಮೂಳೆಯನ್ನು ಮುರಿಯಬಲ್ಲುದು, ಪ್ರಾಣವನ್ನೂ ತೆಗೆಯಬಲ್ಲುದು. ಆದಕಾರಣ ಮೊದಲೇ ಗೊತ್ತುಮಾಡಿದ ವರಸೆಗಳನ್ನು ಮಾತ್ರ, ಪೆಟ್ಟು ಮೈಗೆ ತಾಕುವ ಮುನ್ನವೇ ತಡೆದು, ಅಭ್ಯಾಸ ಮಾಡಬೇಕಾಗಿತ್ತು. 16ನೆಯ ಶತಮಾನದಲ್ಲಿ ಸೀಳಿದ ಬಿದಿರನ್ನು ತೊಗಲಿನ ಚೀಲದಲ್ಲಿ ತುಂಬಿದ ಖಡ್ಗ ಬಳಕೆಗೆ ಬಂದಿತು. 18ನೆಯ ಶತಮಾನದಲ್ಲಿ ಶಿರಸ್ತ್ರಾಣ, ಎದೆಕವಚ, ಕೈಗವಸುಗಳು ರೂಪುಗೊಂಡವು. ಇಂದಿನ ‘ಶಿನಾಯ್’ ನಾಲ್ಕು ಬಿದಿರಿನ ದಬ್ಬೆಗಳ ಜೋಡಣೆ. ತುದಿಗೆ ತೊಗಲಿನ ಟೋಪಿ, ಹಿಡಿಗೆ ತೊಗಲಿನ ಹೊದಿಕೆ, ನಡುವೆ ತೊಗಲಿನ ಕಟ್ಟು. ವಯಸ್ಕ ಪುರುಷರ ಸ್ಪರ್ಧೆಗಳಲ್ಲಿ ಉದ್ದ 120 ಸೆಂಟಿಮೀಟರನ್ನು ಮೀರಬಾರದು. ತೂಕ 510 ಗ್ರಾಮಿಗೆ ಕಡಮೆಯಿರಬಾರದು.

ಇಷ್ಟು ತೂಕದ ಆಯುಧ ತಲೆಯ ಮೇಲೆರಗಿದರೂ ಅಪಾಯವಾಗದಿರುವುದು ಹೇಗೆ? ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಇಲ್ಲಿಯೂ ಅದೇ ತತ್ತ್ವ. ಪೆಟ್ಟಿನಲ್ಲಿ ಪಾಲ್ಗೊಳ್ಳುವ ದ್ರವ್ಯರಾಶಿ 0.2 ಕಿಲೋಗ್ರಾಂ, ವೇಗ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳೋಣ. ಇವೆರಡರ ಗುಣಲಬ್ಧವಾದ ಸಂವೇಗ 2. ಖಡ್ಗವು ನಿಲ್ಲಬೇಕಾದರೆ ಇದು ಸೊನ್ನೆಗಿಳಿಯಬೇಕು. ಅದಕ್ಕೆ ಸೆಕೆಂಡಿನ 500ರಲ್ಲೊಂದು ಪಾಲು ಹಿಡಿದರೆ ಸರಾಸರಿ ಬಲ 1,000 ನ್ಯೂಟನ್, ಎಂದರೆ ಸುಮಾರು 100 ಕಿಲೋಗ್ರಾಂ ಭಾರದಷ್ಟು. ಸೆಕೆಂಡಿನ 100ರಲ್ಲೊಂದು ಪಾಲು ಹಿಡಿದರೆ 200 ನ್ಯೂಟನ್ ಮಾತ್ರ. ಕಾಲ ಐದು ಪಟ್ಟಾಯಿತು. ಬಲ ಐದರಲ್ಲೊಂದು ಪಾಲಾಯಿತು.

ಈ ಕಾಲವನ್ನು ಹಿಗ್ಗಿಸಲು ಕವಚದ ಮೆತ್ತೆ ನೆರವಾಗುತ್ತದೆ, ಖಡ್ಗವೂ ಬಾಗಬೇಕು. ಪುಸ್ತಕದ ಬಿಡಿ ಹಾಳೆಗಳು ಸುಲಭವಾಗಿ ಬಾಗುತ್ತವೆ. ಅವನ್ನೇ ಒಂದಕ್ಕೊಂದು ಅಂಟಿಸಿದರೆ ಹಲಗೆಯಂತಾಗುತ್ತವೆ. ಬಾಗುವಾಗ ಹಾಳೆಗಳು ಒಂದರ ಮೇಲೊಂದು ಜಾರುವುದೇ ಇದರ ಗುಟ್ಟು. ದಂಡದ ಬಿಗುವು ಅದರ ಅಗಲಕ್ಕೂ ದಪ್ಪದ ಘನಕ್ಕೂ ಅನುಪಾತವಾಗಿರುತ್ತದೆ. ಚೌಕನಾದ ದಂಡವನ್ನು ಉದ್ದಕ್ಕೆ ನಾಲ್ಕು ಚೌಕ ಕಡ್ಡಿಗಳಾಗಿ ಸೀಳಿದರೆ ಪ್ರತಿಯೊಂದರ ಅಗಲವೂ ದಪ್ಪವೂ ಅರ್ಧವಾಗಿ, ಬಿಗುವು 16ರಲ್ಲೊಂದು ಪಾಲಾಗುತ್ತದೆ. ಒಂದರ ಮೇಲೊಂದು ಜಾರಲು ಬಿಟ್ಟರೆ ನಾಲ್ಕೂ ಸೇರಿದರೂ ಮೊದಲಿನ ಕಾಲುಭಾಗವಷ್ಟೆ! ತೂಕ ಮಾತ್ರ ಹಾಗೆಯೇ ಉಳಿಯಿತು. ಶಿನಾಯ್ ಟೊಳ್ಳಾಗಿರುವುದರಿಂದ ಲೆಕ್ಕದ ಅಂಕಿಗಳು ಬೇರೆಯಾದರೂ ತತ್ತ್ವ ಇದೇ.

ಆದರೆ ಒಣಗಿದ ಬಿದಿರು ಸೀಳುತ್ತದೆ. ಶಿರಸ್ತ್ರಾಣದ ಮುಖಭಾಗದಲ್ಲಿರುವುದು ಲೋಹದ ಸರಳುಗಳ ಜಾಲಂಧ್ರ. ಮುರಿದ ದಬ್ಬೆಯ ಸಿಬಿರು ಅದರ ಸಂದಿನಲ್ಲಿ ನುಗ್ಗಿ ಕಣ್ಣನ್ನೇ ಕಳೆಯಬಲ್ಲುದು. ಮೇಲಿನ ಲೆಕ್ಕ ಇಲ್ಲಿ ನಮ್ಮನ್ನು ಕಾಯದು. ಬಲ ಅಲ್ಪವಾದರೂ ಮೊನೆಯ ಕ್ಷೇತ್ರ ಅತ್ಯಲ್ಪವಾದುದರಿಂದ ಒತ್ತಡ ಅಪಾರವಾಗುತ್ತದೆ. ಆದುದರಿಂದಲೇ ಅಭ್ಯಾಸಕ್ಕೆ ಮುನ್ನ ದಬ್ಬೆಗಳನ್ನೂ ಕಟ್ಟನ್ನೂ ಪರೀಕ್ಷಿಸುವುದು ಕಲಿಕೆಯ ಅಂಗವಾಗಿದೆ. 2012ರಿಂದ ಜಪಾನಿನ ಕಿರಿಯ ಪ್ರೌಢಶಾಲೆಗಳಲ್ಲಿ ಸಾಂಪ್ರದಾಯಿಕ ಸಮರವಿದ್ಯೆಗಳ ಶಿಕ್ಷಣ ಕಡ್ಡಾಯವಾಗಿದ್ದು, ಶಾಲೆಗಳು ಆರಿಸಿಕೊಳ್ಳಬಹುದಾದ ವಿದ್ಯೆಗಳಲ್ಲಿ ಕೆಂಡೊ ಒಂದು. ಅದನ್ನು ಕಲಿಯುವ ಬಾಲಕ ಬಾಲಕಿಯರು ಎದುರಾಳಿಯ ಕಣ್ಣನ್ನು ಕಾಯುವುದು ಖಡ್ಗವನ್ನು ಎತ್ತುವುದಕ್ಕೆ ಮೊದಲೇ ಆರಂಭವಾಗುತ್ತದೆ.